ದೂರದೂರಿನ ಹುಡುಗನಿಗೆ ಸಾವಿನ ಸುದ್ದಿ ಬಂದಾಗ



ಕಾಫಿ ಕುಯ್ಲು, ಅಡಿಕೆ ಕೊನೆ, ಬೋರ್ಡೋ ದ್ರಾವಣ, ಗೊಬ್ಬರದ ಬೆಲೆ, ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ತಿಂಗಳಿಗೊಮ್ಮೆ ಬರೆಯುವುದು ವಾಡಿಕೆ. ಈ ಸಲ ಬೆಳೆಯ ವಿಷಯ ಬಿಟ್ಟು, ಬೆಳೆಯನ್ನು ಕೊಯ್ಯುವವರ ವಿಷಯ ಬರೆಯಬೇಕೆನಿಸಿದೆ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಈಗ ಇರುವವರಲ್ಲಿ ಅಸ್ಸಾಮ್, ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ ಕಡೆಯ ಹುಡುಗರು ಬಹಳ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡರ ವಯಸ್ಸು. ಊರಿನಲ್ಲಿ ತಂದೆಯೋ ತಾಯಿಯೋ ಇದ್ದಕ್ಕಿದ್ದಂತೆ ತೀರಿಕೊಂಡರೆಂದು ಇವರಲ್ಲಿ ಒಬ್ಬನಿಗೆ ಸುದ್ದಿ ಬಂದಾಗ, ತೋಟದ ಯಜಮಾನನಾದವನು ಏನು ಮಾಡಬೇಕು? ಇದು ನಮ್ಮಲ್ಲಿ ಯಾರೂ ಸಭೆಯಲ್ಲಿ ಎತ್ತಿ ಮಾತನಾಡದ ಪ್ರಶ್ನೆ. ಆದರೆ ಸುಗ್ಗಿಯಲ್ಲಿ ಯಾವುದಾದರೊಂದು ತೋಟದ ಬಾಗಿಲಿಗೆ ಅದು ಬಂದೇ ಬರುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ತೋಟದ ಆಳುಗಳು ಹೆಚ್ಚಾಗಿ ಘಟ್ಟದ ಕೆಳಗಿನವರು ಇಲ್ಲವೇ ತಮಿಳು ಸೀಮೆಯವರು. ಸಾವಾದರೆ ಊರಿನವನೊಬ್ಬ ಘಟ್ಟ ಹತ್ತಿ ಬಂದು ಹೇಳುತ್ತಿದ್ದ, ಅಥವಾ ತಂತಿ ಬರುತ್ತಿತ್ತು. ತಂತಿಯಲ್ಲಿ ಸತ್ತರೆಂದು ಬರೆಯುತ್ತಿದ್ದುದು ಕಡಿಮೆ. 'ತಾಯಿಗೆ ತುಂಬಾ ಅಸ್ವಸ್ಥ, ಕೂಡಲೇ ಹೊರಟು ಬಾ' ಎಂದಿರುತ್ತಿತ್ತು. ಅರ್ಥ ಎಲ್ಲರಿಗೂ ಗೊತ್ತಿದ್ದರೂ ಆ ಮಾತಿನ ಮರೆಯಲ್ಲಿ ಮನುಷ್ಯ ಊರು ಸೇರುವಷ್ಟು ಧೈರ್ಯ ಹಿಡಿದುಕೊಳ್ಳುತ್ತಿದ್ದ. ಸಂಜೆ ಹೊರಟರೆ ಮರುದಿನ ಊರು ಸೇರುತ್ತಿದ್ದ. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ಸುದ್ದಿ ನೇರವಾಗಿ ಜೇಬಿನ ಫೋನಿಗೆ ಬರುತ್ತದೆ. ಹೆಗಲಿಗೆ ಚೀಲ ಕಟ್ಟಿಕೊಂಡು ರೊಬಸ್ಟಾ ಗಿಡದ ಕೊಂಬೆ ಬಗ್ಗಿಸಿ ಹಿಡಿದಿರುವಾಗಲೇ ಬರುತ್ತದೆ. ಮಧ್ಯದಲ್ಲಿ ಅದನ್ನು ಮೆದುವಾಗಿ ಹೇಳುವವರು ಯಾರೂ ಇಲ್ಲ. ಊರೋ ಎರಡು ಮೂರು ಸಾವಿರ ಕಿಲೋಮೀಟರ್ ದೂರ.

ದೂರವೆಂದರೆ ಎಷ್ಟು ದೂರ ಎಂಬುದನ್ನು ನಾವು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಲೈನ್ ಮನೆಯಿಂದ ಪೇಟೆಗೆ ಜೀಪು ಅಥವಾ ಆಟೋ, ಪೇಟೆಯಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಗುವಾಹಾಟಿ ಗಾಡಿ ಹತ್ತಿದರೆ ಎರಡು ಹಗಲು ಎರಡು ರಾತ್ರಿಗೂ ಮಿಕ್ಕಿದ ಪ್ರಯಾಣ. ಇಳಿದ ಮೇಲೆ ಮತ್ತೆ ಬಸ್ಸು, ದೋಣಿ, ನಡಿಗೆ. ಟಿಕೇಟು ಸಿಕ್ಕಿದ ಭಾಗ್ಯವಂತನೂ ನಾಲ್ಕನೆಯ ದಿನಕ್ಕೆ ಮನೆ ಮುಟ್ಟಿದರೆ ಬೇಗ. ಅಷ್ಟರಲ್ಲಿ ದಹನವೋ ದಫನವೋ ಮುಗಿದಿರುತ್ತದೆ. ಮುಸಲ್ಮಾನರಲ್ಲಂತೂ ಅದೇ ದಿನ ಅಥವಾ ಮಾರನೆಯ ದಿನವೇ ಮಣ್ಣು ಕೊಡುತ್ತಾರೆ. ಮಗನು ಮುಖ ನೋಡುವುದು ಫೋನಿನ ಗಾಜಿನ ಮೇಲೆ. ಅದೂ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹತ್ತಿ ನಿಂತರೆ.

ಇಲ್ಲಿಂದಲೇ ನಮ್ಮವರ ಮೊದಲನೆಯ ವಾದ ಹುಟ್ಟುತ್ತದೆ. 'ಹೇಗೂ ಮುಖ ಸಿಗುವುದಿಲ್ಲ, ಈಗ ಹೋಗಿ ಏನು ಮಾಡುತ್ತೀಯ? ಕುಯ್ಲು ಮುಗಿಸಿಕೊಂಡು ಹೋಗು' ಎಂಬ ಮಾತು. ಹೇಳುವವರು ಕಟುಕರಲ್ಲ. ಕೆಲವರು ಹುಡುಗನ ಖರ್ಚು ಉಳಿಯಲಿ ಎಂದೇ ಹೇಳುತ್ತಾರೆ. ಆದರೆ ಈ ಮಾತನ್ನು ನಮ್ಮ ಮನೆಗೇ ಅನ್ವಯಿಸಿ ನೋಡೋಣ. ನಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ದುಬೈಯಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಐಸ್ ಪೆಟ್ಟಿಗೆ ತರಿಸಿ, ಎರಡು ದಿನವಾದರೂ ಸರಿ ಎಂದು ಮಗನ ವಿಮಾನ ಇಳಿಯುವ ತನಕ ಕಾಯುತ್ತೇವೆ. ಮಗ ಬರಲಾಗದಿದ್ದರೆ ಊರವರು ಆ ಮಾತನ್ನು ವರ್ಷಗಟ್ಟಲೆ ಆಡುತ್ತಾರೆ. ಹನ್ನೊಂದಕ್ಕಾದರೂ ಬಂದನಲ್ಲ, ಹದಿಮೂರಕ್ಕಾದರೂ ಬಂದನಲ್ಲ ಎಂದು ಸಮಾಧಾನ ಪಡುತ್ತೇವೆ. ಹಾಗಿದ್ದ ಮೇಲೆ ಸಾವಿನ ಮನೆಗೆ ಹೋಗುವುದು ಹೆಣದ ಮುಖ ನೋಡುವುದಕ್ಕೆ ಮಾತ್ರ ಎಂದು ನಾವೇ ನಂಬಿಲ್ಲ. ಹೋಗುವುದು ಉಳಿದವರಿಗಾಗಿ. ಗಂಡ ಸತ್ತ ತಾಯಿಯ ಪಕ್ಕದಲ್ಲಿ ಕೂರುವುದಕ್ಕೆ, ತಂಗಿಯ ಮದುವೆ ಏನು, ತಮ್ಮನ ಶಾಲೆ ಏನು, ಅಣ್ಣತಮ್ಮಂದಿರ ತುಂಡು ಗದ್ದೆ ಏನು ಎಂದು ನಾಲ್ಕು ಜನರೆದುರು ತೀರ್ಮಾನ ಮಾಡುವುದಕ್ಕೆ. ಆ ನಾಲ್ಕು ಜನ ಸೇರುವುದು ಆ ಹತ್ತು ಹದಿನೈದು ದಿನಗಳಲ್ಲಿಯೇ ಹೊರತು ಕುಯ್ಲು ಮುಗಿದ ಏಪ್ರಿಲ್ ತಿಂಗಳಲ್ಲಲ್ಲ.

ಅವರವರ ಸಂಪ್ರದಾಯವೂ ಅವರವರಿಗೆ ದೊಡ್ಡದು. ಛೋಟಾನಾಗಪುರದ ಮುಂಡಾ ಜನರಲ್ಲಿ ಸತ್ತವರ ನೆರಳನ್ನು ಮತ್ತೆ ಮನೆಯೊಳಕ್ಕೆ ಕರೆದುಕೊಳ್ಳುವ ಶಾಸ್ತ್ರವಿದೆ. ಸತ್ತವರ ಅಸ್ಥಿ ತಮ್ಮ ಕುಲದ ಕಲ್ಲುಚಪ್ಪಡಿಯ ಕೆಳಗೆ, ಹುಟ್ಟೂರಿನ ನೆಲಕ್ಕೆ ಸೇರಬೇಕು ಎಂಬುದು ಅವರ ನಂಬಿಕೆ. ಪಿಂಡ, ತಿಥಿ, ವೈಕುಂಠ ಸಮಾರಾಧನೆಗಳನ್ನು ಬಿಡದೆ ಮಾಡುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಹೆಸರು ಬೇರೆ, ಋಣ ಅದೇ.

ಇನ್ನೊಂದು ಸಂಗತಿಯನ್ನೂ ನಾವು ತಿಳಿದಿರಬೇಕು. ಅಸ್ಸಾಮಿನಿಂದ ಬರುವ ಹುಡುಗರಲ್ಲಿ ಚಹಾ ತೋಟದ ಲೈನುಗಳಲ್ಲಿ ಹುಟ್ಟಿ ಬೆಳೆದವರಿದ್ದಾರೆ. ಇವರ ಮುತ್ತಜ್ಜಂದಿರು ಛೋಟಾನಾಗಪುರದ ಮುಂಡಾ, ಒರಾಂವ್, ಸಂತಾಲ ಮೊದಲಾದ ಜನ. ಹತ್ತೊಂಬತ್ತನೆಯ ಶತಮಾನದಲ್ಲಿ ಏಜೆಂಟರು ಅವರನ್ನು ಹಡಗು ರೈಲು ಹತ್ತಿಸಿ ಅಸ್ಸಾಮಿಗೆ ಸಾಗಿಸಿದರು. ಆ ಕಾಲದಲ್ಲಿ ಮುಂಗಡ ಹಿಡಿದ ಕೂಲಿಯವನು ಕೆಲಸ ಬಿಟ್ಟು ಹೋದರೆ ಅದು ಅಪರಾಧ. 1859ರ 13ನೇ ಕಾಯಿದೆಯಂತೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು, ಜೈಲಿಗೂ ಕಳಿಸಬಹುದಾಗಿತ್ತು. ಆ ಕಾಯಿದೆ ರದ್ದಾದದ್ದು 1926ರಲ್ಲಿ. ಅಂದರೆ ಅಲ್ಲಿಯ ತನಕ, ಊರಿನಲ್ಲಿ ತಾಯಿ ಸತ್ತಳೆಂದು ಮುಂಗಡ ತೀರಿಸದೆ ಎದ್ದು ಹೋದವನು ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥ. ಆ ಕಾಯಿದೆ ಸತ್ತು ನೂರು ವರ್ಷವಾಯಿತು. ಅದರ ನೆರಳು ಮಾತ್ರ ಕೆಲವು ತೋಟಗಳ ಮುಂಗಡದ ಪುಸ್ತಕದಲ್ಲಿ ಈಗಲೂ ಕೂತಿದೆ. 'ಮುಂಗಡ ತೀರಿಸಿ ಹೋಗು' ಎನ್ನುವವರು, 'ಆಧಾರ್ ಕಾರ್ಡು ನನ್ನ ಬೀರುವಿನಲ್ಲಿರಲಿ' ಎನ್ನುವವರು ತಾವು ಯಾವ ಕಾಲದ ಮಾತನ್ನು ಆಡುತ್ತಿದ್ದೇವೆ ಎಂದು ಯೋಚಿಸಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಮುಂಗಡದ ಹೆಸರಿನಲ್ಲಿ ಮನುಷ್ಯನನ್ನು ಹೋಗದಂತೆ ಕಟ್ಟಿಹಾಕಿ ದುಡಿಸುವುದು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಕಾಲಚಕ್ರ ತಿರುಗಿದೆ. ಅಂದು ಹೋದವನು ಅಪರಾಧಿ, ಇಂದು ತಡೆದವನು ಅಪರಾಧಿ.

ಈ ಕಾರ್ಯಾಲಯಕ್ಕೆ ಬಂದು ಹೋಗುವ ಸದಸ್ಯರ ಮಾತಿನಿಂದ ತಿಳಿದ ಎರಡು ಪ್ರಸಂಗಗಳನ್ನು ಹೆಸರಿಲ್ಲದೆ ಇಲ್ಲಿ ಹೇಳುತ್ತೇನೆ.

ಒಂದು ತೋಟದಲ್ಲಿ ಹುಡುಗನ ತಂದೆ ತೀರಿಕೊಂಡ ಸುದ್ದಿ ಮೊದಲು ಬಂದದ್ದು ಆಳುಗಳನ್ನು ಕರೆತಂದ ಏಜೆಂಟನಿಗೆ. ಆತ ಯಜಮಾನರಿಗೆ ತಿಳಿಸಿದ. ಇಬ್ಬರೂ ಸೇರಿ, ಮಳೆ ಬರುವ ಸೂಚನೆಯಿದೆ, ಭಾನುವಾರದ ಬಟವಾಡೆಯ ತನಕ ಹೇಳುವುದು ಬೇಡ ಎಂದು ತೀರ್ಮಾನಿಸಿದರು. ಹುಡುಗನ ಫೋನು ಆಗ ಕೆಟ್ಟು ಕೂತಿತ್ತು. ಮೂರನೆಯ ದಿನ ಬೇರೆ ತೋಟದಲ್ಲಿದ್ದ ಅವನ ಊರಿನವನೊಬ್ಬ ಸಂತೆಯಲ್ಲಿ ಸಿಕ್ಕಿ, 'ನೀನಿನ್ನೂ ಹೋಗಲಿಲ್ಲವೇ?' ಎಂದು ಕೇಳಿದ. ಆ ರಾತ್ರಿಯೇ ಹುಡುಗ ಬಟ್ಟೆಬರೆ ಕಟ್ಟಿಕೊಂಡು, ಆರು ವಾರದ ಕೂಲಿಯ ಲೆಕ್ಕವನ್ನೂ ಕೇಳದೆ ಹೊರಟುಹೋದ. ಅವನ ಹಿಂದೆ ಏಳು ಮಂದಿ ಹೋದರು. ಉಳಿದ ಹಣ್ಣು ಗಿಡದಲ್ಲಿಯೇ ಒಣಗಿತು. ಹಣ್ಣು ಒಣಗಿದ್ದು ದೊಡ್ಡ ಮಾತಲ್ಲ. ತಂದೆ ಸತ್ತದ್ದು ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿಲ್ಲದೆ ತಾನು ಆ ಮೂರು ದಿನ ಹಾಡು ಕೇಳುತ್ತ ಹಣ್ಣು ಕೊಯ್ದೆನಲ್ಲ ಎಂಬುದು ಅವನು ಜೀವವಿರುವ ತನಕ ಮರೆಯುವ ಸಂಗತಿಯಲ್ಲ. ಸುದ್ದಿಯನ್ನು ಬಚ್ಚಿಡುವ ಹಕ್ಕು ಯಾವ ಕೂಲಿಯ ಜೊತೆಗೂ ನಮಗೆ ಬರುವುದಿಲ್ಲ.

ಇನ್ನೊಂದು ತೋಟ ನಾಲ್ಕು ಎಕರೆಯದು, ನಡೆಸುವವರು ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸು. ಅಲ್ಲಿ ನಾಲ್ವರು ಹುಡುಗರು. ಅವರಲ್ಲಿ ಚಿಕ್ಕವನಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ತಾಯಿ ಹೋದ ಸುದ್ದಿ ಬಂತು. ಅವನು ಯಾರಿಗೂ ಹೇಳಲಿಲ್ಲ. ಸಂಜೆಯ ತನಕ ಕೊಯ್ದು, ಚೀಲ ತಂದು ತೂಕ ಹಾಕಿಸಿ, ಚೀಟಿ ತೆಗೆದುಕೊಂಡು ಲೈನಿಗೆ ಹೋದ. ರಾತ್ರಿ ಊಟಕ್ಕೆ ಏಳದಿದ್ದಾಗ ಜೊತೆಯವರು ಕೇಳಿದರು, ಆಗ ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದರೆ, ಹಿಂದಿನ ವರ್ಷ ದುಡಿದ ಬೇರೊಂದು ಕಡೆ 'ಸುಗ್ಗಿಯಲ್ಲೇ ನಿಮ್ಮವರೆಲ್ಲ ಸಾಯುತ್ತಾರೆ' ಎಂದು ಯಾರೋ ಇನ್ನೊಬ್ಬನಿಗೆ ಅಂದಿದ್ದನ್ನು ಅವನು ಕೇಳಿಸಿಕೊಂಡಿದ್ದ. ಆ ಮಾತನ್ನು ತನ್ನ ತಾಯಿಯ ಬಗ್ಗೆ ಕೇಳಿಸಿಕೊಳ್ಳುವುದಕ್ಕಿಂತ ಹಣ್ಣು ಕೊಯ್ಯುವುದೇ ಮೇಲೆಂದು ಅವನಿಗೆ ಕಂಡಿತ್ತು.

ಆ ಅಮ್ಮನವರಿಗೆ ಹಿಂದಿ ಬಾರದು. ರಾತ್ರಿ ಟಾರ್ಚು ಹಿಡಿದು ಲೈನಿಗೆ ಇಳಿದು ಹೋಗಿ ಮೆಟ್ಟಿಲ ಮೇಲೆ ಅವನ ಪಕ್ಕ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ನಾಲ್ವರಿಗೂ ತಮ್ಮ ಮನೆಯಿಂದಲೇ ಗಂಜಿ ಕಳಿಸಿದರು. ಮನೆಯ ಇಂಟರ್‌ನೆಟ್ಟಿನಲ್ಲಿ ಊರಿನವರೊಡನೆ ಮಾತನಾಡಲೆಂದು ಹುಡುಗನನ್ನು ಜಗುಲಿಗೆ ಕರೆತಂದು ಕೂರಿಸಿದರು. ಮರುದಿನ ಪಕ್ಕದ ತೋಟದ ಹುಡುಗನಿಂದ ತತ್ಕಾಲ್ ಟಿಕೇಟು ಮಾಡಿಸಿ, ಆ ದಿನದವರೆಗಿನ ಕೂಲಿಯನ್ನು ಅವನ ಕೈಗೇ ಎಣಿಸಿ ಕೊಟ್ಟು, ಬಾಕಿಯಿದ್ದ ಮೂರು ಸಾವಿರ ರೂಪಾಯಿ ಮುಂಗಡವನ್ನು ಮುರಿದುಕೊಳ್ಳದೆ, ಜೊತೆಗೆ ಅವನೂರಿನ ಹಿರಿಯವನೊಬ್ಬನನ್ನು ಬೆಂಗಳೂರಿನ ತನಕ ಕಳಿಸಿದರು. ಹುಡುಗ ಈವರೆಗೆ ತಿರುಗಿ ಬಂದಿಲ್ಲ. ಮುಂಗಡ ಪುಸ್ತಕದಲ್ಲಿ ಹಾಗೆಯೇ ಇದೆ. ಸಂಘಕ್ಕೆ ಬಂದಾಗ ಈ ಬಗ್ಗೆ ಕೇಳಿದೆ. 'ಅವನು ಬರ್ಲಿ ಬಿಡ್ಲಿ, ಅದು ಬೇರೆ ಮಾತು ಕಣಪ್ಪ. ತಾಯಿ ಸತ್ತಿದ್ಲು, ಹೋಗ್ಬೇಕಿತ್ತು, ಹೋದ' ಎಂದರು. ಗೊಬ್ಬರದ ಚೀಟಿ ಬರೆಸಿಕೊಂಡು ಹೊರಟರು.

ಒಳ್ಳೆಯದು ಮಾಡಿದರೆ ಆಳು ತಿರುಗಿ ಬರುತ್ತಾನೆ, ಆದ್ದರಿಂದ ಒಳ್ಳೆಯದು ಮಾಡಿ ಎಂದು ಬರೆಯುವುದು ಸುಲಭ. ಅದು ಅನೇಕ ಸಲ ನಿಜವೂ ಹೌದು. ಯಾವ ತೋಟದ ಯಜಮಾನ ಎಂಥವನೆಂಬ ಸುದ್ದಿ ಇಂದು ಒಂದೇ ದಿನದಲ್ಲಿ ಬ್ರಹ್ಮಪುತ್ರದ ದಡದ ಹಳ್ಳಿ ಮುಟ್ಟುತ್ತದೆ. ಆದರೆ ಲಾಭವಿದ್ದರೆ ಮಾತ್ರ ಮಾಡುವುದಾದರೆ ಅದು ವ್ಯಾಪಾರವಾಗುತ್ತದೆ. ಅವನು ತಿರುಗಿ ಬರದಿದ್ದರೂ ಕಳಿಸಬೇಕಾದ್ದು ಕಳಿಸಬೇಕಾದ್ದೇ. ಆ ಅಮ್ಮನವರ ಮಾತಿಗೆ ನಾನು ಸೇರಿಸುವುದು ಏನೂ ಇಲ್ಲ.

ಇಷ್ಟು ಹೇಳಿದ ಮೇಲೆ ಸಣ್ಣ ಬೆಳೆಗಾರನ ಕಷ್ಟವನ್ನು ಮರೆತು ಮಾತನಾಡಿದಂತೆ ಆಗಬಾರದು. ದೊಡ್ಡ ಎಸ್ಟೇಟಿನಲ್ಲಿ ನೂರರಲ್ಲಿ ಒಬ್ಬ ಹೋದರೆ ರೈಟರಿಗೂ ಗೊತ್ತಾಗುವುದಿಲ್ಲ. ಮೂರು ಎಕರೆಯವನ ಬಳಿ ಇರುವವರೇ ಮೂವರು. ಒಬ್ಬ ಹೋದರೆ ಮೂರರಲ್ಲೊಂದು ಪಾಲು ಕೆಲಸ ಹೋಯಿತು, ಜೊತೆಗೆ ಅಣ್ಣನೋ ಭಾವನೋ ಹೊರಟರೆ ಮುಗಿಯಿತು. ಇತ್ತೀಚಿನ ವರ್ಷಗಳಲ್ಲಿ ಜನವರಿಯಲ್ಲೂ ಮಳೆ ಬಿದ್ದು, ಕಣದಲ್ಲಿ ಹರಡಿದ ಹಣ್ಣಿಗೆ ಬೂಸಲು ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಣ್ಣಾದದ್ದು ನೆಲಕ್ಕುದುರಿದರೆ ವರ್ಷದ ಗಂಟು ಹೋಯಿತು. ಆದ್ದರಿಂದ 'ಹೋಗಬೇಡ' ಎಂದು ಬಾಯಿಗೆ ಬರುವುದು ದುರಾಶೆಯಿಂದಲೇ ಅಲ್ಲ, ಹೆದರಿಕೆಯಿಂದ. ಹೆದರಿಕೆಗೆ ಉಪದೇಶ ಮದ್ದಲ್ಲ, ಏರ್ಪಾಡು ಮದ್ದು. ಒಬ್ಬೊಬ್ಬರಿಂದ ಆಗದ ಏರ್ಪಾಡಿಗಾಗಿಯೇ ಅಲ್ಲವೇ ಸಹಕಾರ ಸಂಘ ಇರುವುದು?

ಎರಡನೆಯ ಆಕ್ಷೇಪಣೆ ಸುಳ್ಳಿನದು. ಅಜ್ಜಿ ಎರಡು ಸಲ ಸತ್ತ ಕಥೆಯನ್ನು ಹೇಳಿ ನಗುವವರಿದ್ದಾರೆ. ಸುಳ್ಳು ಹೇಳುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸುಳ್ಳು ಹುಟ್ಟುವುದು ಎಲ್ಲಿ? 'ಊರು ನೆನಪಾಗುತ್ತಿದೆ, ಹತ್ತು ದಿನ ಹೋಗಿ ಬರುತ್ತೇನೆ' ಎಂದರೆ ಬಿಡದ ಕಡೆ. ಸತ್ತರೆ ಮಾತ್ರ ರಜೆ ಎಂದಾದರೆ ಅಜ್ಜಿಯನ್ನು ಸಾಯಿಸದೆ ಬೇರೆ ದಾರಿ ಇರುವುದಿಲ್ಲ. ಅದಲ್ಲದೆ ತೂಗಿ ನೋಡೋಣ. ಸುಳ್ಳುಗಾರನನ್ನು ನಂಬಿದರೆ ನಮಗೆ ಹೋಗುವುದು ಕೆಲವು ದಿನದ ಕುಯ್ಲು. ನಿಜ ಹೇಳಿದವನನ್ನು ನಂಬದಿದ್ದರೆ ಅವನಿಗೆ ಹೋಗುವುದು ಮತ್ತೆ ಬಾರದ ಹತ್ತು ದಿನ. ಈ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೆಲವು ಸದಸ್ಯರು ಕೇಳುವುದುಂಟು. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಅದು ಅನ್ವಯಿಸುತ್ತಿದ್ದುದು ಅಂತಹ ಐದು ಅಥವಾ ಹೆಚ್ಚು ಮಂದಿ ಇದ್ದ ಕಡೆ. ಈಗ ಅದರ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯ ಮಾತು ಅದರಲ್ಲಿದೆ. ಆದರೆ ವಲಸೆ ಕಾರ್ಮಿಕರ ಆ ಭಾಗ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ. ನಮ್ಮ ಸದಸ್ಯರಲ್ಲಿ ಮೂರು, ನಾಲ್ಕು, ಆರು ಮಂದಿಯನ್ನು ಇಟ್ಟುಕೊಂಡವರೇ ಹೆಚ್ಚು. ಎಂದರೆ ನಮ್ಮ ಲೈನಿನ ಹುಡುಗ ಕಾನೂನಿನ ಜಾಲರಿಯ ಕಣ್ಣಿನಿಂದ ಕೆಳಕ್ಕೆ ಉದುರಿಹೋಗುವವನು. ಕಾನೂನು ಮುಟ್ಟದ ಕಡೆ ನಮ್ಮ ನಡತೆಯೊಂದೇ ಅವನಿಗೆ ಆಧಾರ. ಕೂಲಿಯ ವಿಷಯ ಮಾತ್ರ ಬೇರೆ. ವೇತನ ಸಂಹಿತೆಯಂತೆ ಕೆಲಸ ಬಿಟ್ಟು ಹೋಗುವವನ ಪೂರ್ತಿ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸಾವಿನ ಸುದ್ದಿ ಬಂದವನಿಗೆ ಆ ಎರಡು ದಿನವೂ ಹೆಚ್ಚಾಯಿತು. ಅಂದೇ ಕೊಡಬೇಕು.

ಇನ್ನು ನಾವು ಮಾಡಬಹುದಾದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಸುದ್ದಿ. ಮನೆಯವರ ಫೋನು ನಮಗೋ ಮೇಸ್ತ್ರಿಗೋ ಏಜೆಂಟನಿಗೋ ಮೊದಲು ಬಂದರೆ, ಆ ಕ್ಷಣವೇ ಹುಡುಗನನ್ನು ಗಿಡದ ಬುಡದಿಂದ ಕರೆಸಿ, ನೆರಳಿನಲ್ಲಿ ಕೂರಿಸಿ, ಅವನ ಭಾಷೆ ಬಲ್ಲ ಜೊತೆಯವನ ಬಾಯಿಂದ ಹೇಳಿಸಬೇಕು. ಎಲ್ಲರೆದುರು ಕೂಗಿ ಹೇಳಬಾರದು, ಏಣಿಯ ಮೇಲಿರುವಾಗ ಹೇಳಬಾರದು. ಹೇಳಿದ ಮೇಲೆ ಏನು ಮಾತನಾಡಬೇಕೆಂದು ತೋಚದಿದ್ದರೆ ಸುಮ್ಮನೆ ಪಕ್ಕದಲ್ಲಿರಬೇಕು. ನಮ್ಮ ಹರಕು ಹಿಂದಿಯಲ್ಲಿ ವೇದಾಂತ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಎರಡನೆಯದು, ಪ್ರಯಾಣ. ಸ್ಲೀಪರ್ ದರ್ಜೆಯ ತತ್ಕಾಲ್ ಟಿಕೇಟು ಗಾಡಿ ಹೊರಡುವ ಹಿಂದಿನ ದಿನ ಬೆಳಿಗ್ಗೆ 11 ಗಂಟೆಗೆ ತೆರೆಯುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ಆನ್‌ಲೈನಿನಲ್ಲಿ ಮಾಡುವುದಾದರೆ 2025ರ ಜುಲೈಯಿಂದ ಆಧಾರ್ ದೃಢೀಕರಿಸಿದ ಖಾತೆ ಬೇಕು. ಹುಡುಗನ ಬಳಿ ಅದು ಇರುವುದಿಲ್ಲ. ಆದುದರಿಂದ ಸಂಘದ ಕಾರ್ಯಾಲಯದಲ್ಲಿ ಈ ಕೆಲಸಕ್ಕೆ ಒಬ್ಬರನ್ನು ಗೊತ್ತುಮಾಡಿ, ಅವರ ಫೋನ್ ಸಂಖ್ಯೆಯನ್ನು ಎಲ್ಲ ಸದಸ್ಯರಿಗೂ ತಿಳಿಸುವ ಯೋಚನೆಯಿದೆ. ವಿಮಾನದಲ್ಲಾದರೆ ಬೆಂಗಳೂರಿನಿಂದ ಗುವಾಹಾಟಿಗೆ ಸುಮಾರು ಮೂರೇ ಗಂಟೆ. ಮೂರು ಗಂಟೆಗೂ ಎರಡು ಹಗಲು ಎರಡು ರಾತ್ರಿಗೂ ನಡುವೆ ಇರುವುದು ಹಣ ಮಾತ್ರ.

ಮೂರನೆಯದು, ಆ ಹಣ. ಸಂಘದಲ್ಲಿ ಒಂದು ತುರ್ತು ಪ್ರಯಾಣ ನಿಧಿ ಇರಲಿ ಎಂಬುದು ನನ್ನ ಸಲಹೆ. ಸದಸ್ಯರೊಬ್ಬರು ಎಕರೆಗೆ ವರ್ಷಕ್ಕೆ 50 ರೂಪಾಯಿಯಂತೆ ಕಟ್ಟಲಿ. ಐದು ಎಕರೆಯವರಿಗೆ 250 ರೂಪಾಯಿ, ಸುಗ್ಗಿಯಲ್ಲಿ ಒಂದಾಳಿನ ಒಂದು ದಿನದ ಕೂಲಿಗಿಂತ ಕಡಿಮೆ. ಯಾವ ಸದಸ್ಯರ ತೋಟದಲ್ಲಿ ಹೀಗಾದರೂ, ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರ ಸಾವಿಗೆ ಅಲ್ಲಿಂದ ಟಿಕೇಟಿನ ಹಣ ಸಾಲವಾಗಿ ಅಲ್ಲದೆ ಸಹಾಯವಾಗಿ ಹೋಗಲಿ.

ನಾಲ್ಕನೆಯದು, ಉಳಿದ ಕುಯ್ಲು. ಮಲೆನಾಡಿಗೆ ಮುಯ್ಯಾಳು ಹೊಸದಲ್ಲ. ನಾಟಿಗೆ, ಕಣದ ಕೆಲಸಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ದುಡಿದು ಬೆಳೆ ತೆಗೆದ ಜನ ನಾವು. ಕೂಲಿಯವರು ಬಂದ ಮೇಲೆ ಮುಯ್ಯಿ ಮರೆತೆವು. ಆಳು ಸಾವಿಗೆ ಹೋದ ಸಣ್ಣ ತೋಟಕ್ಕೆ ಸುತ್ತಲಿನ ನಾಲ್ಕು ಸದಸ್ಯರು ತಲಾ ಒಬ್ಬನನ್ನು ಎರಡೆರಡು ದಿನ ಕಳಿಸಿದರೆ ಎಂಟು ಆಳಿನ ಕೆಲಸವಾಯಿತು. ಕೂಲಿಯನ್ನು ಕೆಲಸ ಮಾಡಿಸಿಕೊಂಡವರು ಕೊಡುತ್ತಾರೆ. ಇದಕ್ಕೆ ಒಂದು ಪೈಸೆಯ ನಿಧಿಯೂ ಬೇಡ. ಒಂದು ಫೋನು, ಒಂದು ಹೂಂ ಸಾಕು. 'ಹೋಗಬೇಡ' ಎಂದು ನಮ್ಮ ಬಾಯಿಂದ ಹೊರಡಿಸುವ ಹೆದರಿಕೆಯ ಬೇರು ಇಲ್ಲಿ ಕಡಿಯುತ್ತದೆ. ಆದುದರಿಂದ ನಾಲ್ಕರಲ್ಲಿ ಇದೇ ಮುಖ್ಯವೆಂದು ನನ್ನ ಎಣಿಕೆ.

ಐದನೆಯದು, ಹೋಗಲಾಗದವನು. ಹಣವಿಲ್ಲದೆಯೋ, ಮನೆಯವರೇ ಬೇಡವೆಂದದ್ದರಿಂದಲೋ ಉಳಿಯುವವರಿರುತ್ತಾರೆ. ಅವನಿಗೆ ಮೂರು ದಿನವಾದರೂ ಸಂಬಳ ಸಹಿತ ರಜೆ ಕೊಡೋಣ. ತಲೆ ಬೋಳಿಸಿಕೊಳ್ಳುತ್ತಾನೋ, ಹಳ್ಳದಲ್ಲಿ ಮುಳುಗುತ್ತಾನೋ, ಉಪ್ಪು ಬಿಡುತ್ತಾನೋ, ಅದು ಅವನ ಪದ್ಧತಿ. ಮುಸಲ್ಮಾನನಾದರೆ ಪೇಟೆಯ ಮಸೀದಿಗೆ, ಕ್ರೈಸ್ತನಾದರೆ ಇಗರ್ಜಿಗೆ ಹೋಗಿಬರಲು ವಾಹನ ಮಾಡಿಕೊಡೋಣ. ಬೇರೆ ತೋಟಗಳಲ್ಲಿರುವ ಅವನೂರಿನವರು ಬಂದು ಒಂದು ರಾತ್ರಿ ಅವನೊಡನೆ ಇದ್ದು ಹೋಗಲಿ. 'ಹೊರಗಿನವರು ಲೈನಿಗೆ ಬರಬಾರದು' ಎಂಬ ನಿಯಮ ಆ ರಾತ್ರಿಗೆ ಬೇಡ.

ಆರನೆಯದು, ಜಾಗರೂಕತೆ. ಇದನ್ನು ಒತ್ತಿ ಹೇಳಬೇಕು. ದುಃಖದಲ್ಲಿರುವವನ ಕಣ್ಣು ಕೆಲಸದ ಮೇಲಿರುವುದಿಲ್ಲ. ಕೆಲವು ವಾರ ಅವನನ್ನು ಮೆಣಸು ಕೊಯ್ಯಲು ಏಣಿ ಹತ್ತಿಸಬಾರದು. ವಿದ್ಯುತ್ ತಂತಿಯ ಬಳಿ ಅಲ್ಯುಮಿನಿಯಂ ಏಣಿ ಎಷ್ಟು ಜೀವ ತೆಗೆದಿದೆ ಎಂಬುದು ನಮಗೆ ಗೊತ್ತು. ಅಡಿಕೆ ಮರಕ್ಕೆ ಹತ್ತಿಸಬಾರದು, ಕಳೆ ಕೊಚ್ಚುವ ಯಂತ್ರವನ್ನಾಗಲಿ ಮರ ಕಪ್ಪಾತಿನ ಕತ್ತಿಯನ್ನಾಗಲಿ ಕೊಡಬಾರದು. ನೆಲದ ಮೇಲಿನ ಕೆಲಸ, ಜೊತೆಗೊಬ್ಬನಿರುವ ಕೆಲಸ ಕೊಡಬೇಕು. ಔಷಧಿಯ ಕೋಣೆಗೆ ಬೀಗವಿರಲಿ, ಬೀಗದ ಕೈ ನಮ್ಮಲ್ಲಿರಲಿ. ರಾತ್ರಿ ಅವನನ್ನು ಒಬ್ಬನೇ ಮಲಗಲು ಬಿಡಬಾರದು. ಊಟ ನಿದ್ರೆ ಬಿಟ್ಟು, ಮಾತು ಬಿಟ್ಟು, ಕುಡಿತಕ್ಕೆ ಬಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯದೆ ವೈದ್ಯರ ಬಳಿ ಕರೆದೊಯ್ಯಬೇಕು. ಮಾನಸಿಕ ನೆರವಿಗಾಗಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕರೆಗೆ ಖರ್ಚಿಲ್ಲ, ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಲೈನ್ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಏಳನೆಯದು, ಕಾಗದಪತ್ರ. ಊರಿಗೆ ಹೊರಟವನಿಗೆ ಎರಡು ಮಾತು ಹೇಳಿ ಕಳಿಸೋಣ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, ಜಮೀನಿಗೂ ಬ್ಯಾಂಕಿಗೂ ಆ ಪ್ರಮಾಣಪತ್ರ ಬೇಕಾಗುತ್ತದೆ. ಎರಡನೆಯದಾಗಿ, ಸತ್ತವರ ಬ್ಯಾಂಕ್ ಪಾಸ್ ಪುಸ್ತಕ ತೆಗೆದು, ವರ್ಷಕ್ಕೊಮ್ಮೆ 436 ರೂಪಾಯಿ ಅಥವಾ 20 ರೂಪಾಯಿ ಕಡಿತವಾಗಿದೆಯೇ ಎಂದು ನೋಡಲಿ. ಮೊದಲನೆಯದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡನೆಯದು ಅಪಘಾತದ ಸುರಕ್ಷಾ ವಿಮೆ. ಎರಡಕ್ಕೂ ಮೊತ್ತ 2 ಲಕ್ಷ ರೂಪಾಯಿ. ಹಣ ಕಡಿತವಾಗಿದ್ದೂ ಮನೆಯವರಿಗೆ ತಿಳಿಯದೆ ಹೋಗುವ ಸಂಭವ ಬಹಳ. ದುಃಖದ ಮನೆಗೆ ನಾವು ಕೊಡಲಾಗದ ಮೊತ್ತವನ್ನು ಒಂದು ತಿಳಿವಳಿಕೆಯ ಮಾತು ಕೊಡಿಸಬಹುದು.

ಕೊನೆಯದು, ತಿರುಗಿ ಬಂದವನು. ತಂದೆ ಸತ್ತ ಮೇಲೆ ಬರುವ ಹುಡುಗ ಹೋದ ಹುಡುಗನಲ್ಲ. ಹೋಗುವಾಗ ಮಗ, ಬರುವಾಗ ಮನೆಯ ಯಜಮಾನ. ಕಳಿಸಬೇಕಾದ ಹಣ ಹೆಚ್ಚಿರುತ್ತದೆ, ಕ್ರಿಯೆಯ ಸಾಲ ಬೆನ್ನ ಮೇಲಿರುತ್ತದೆ. ಹಳೆಯ ಮುಂಗಡವನ್ನು ಬಂದ ವಾರವೇ ಮುರಿದುಕೊಳ್ಳದೆ, ಅವನೊಡನೆ ಕೂತು ಲೆಕ್ಕ ಬರೆದು, ಕಂತು ಮಾಡಿಕೊಂಡರೆ ಅವನು ಎದೆಯೆತ್ತಿ ದುಡಿಯುತ್ತಾನೆ.

2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿದಾಗ, ಮೇ 1ರಿಂದ ಶ್ರಮಿಕ ವಿಶೇಷ ರೈಲುಗಳು ಹೊರಡುವ ತನಕ ಸಾವಿಗೂ ಹೋಗಲಾಗದೆ ದೂರದೂರುಗಳಲ್ಲಿ ಉಳಿದವರ ಪಾಡನ್ನು ನಾವೆಲ್ಲ ಕಂಡೆವು. ಆಗ ನಮ್ಮ ಮಕ್ಕಳೂ ಹೊರದೇಶಗಳಲ್ಲಿ ಸಿಕ್ಕಿಬಿದ್ದಿದ್ದರು. ಊರಿನ ಸಾವಿಗೆ ಹೋಗಲಾಗದ ಮಗನ ಸಂಕಟ ಏನೆಂದು ಆ ವರ್ಷ ನಮಗೂ ತಿಳಿಯಿತು. ಆಗ ತಡೆದದ್ದು ರೋಗ. ಈಗ ರೈಲು ಓಡುತ್ತಿದೆ, ದಾರಿ ತೆರೆದಿದೆ. ಈಗಲೂ ಒಬ್ಬ ಹುಡುಗ ಹೋಗಲಾಗದೆ ಉಳಿದರೆ ತಡೆದವರು ಯಾರೆಂಬ ಪ್ರಶ್ನೆಗೆ ನಮ್ಮ ಕಡೆಗೇ ಬೆರಳು ತೋರುತ್ತದೆ.

ತುರ್ತು ಪ್ರಯಾಣ ನಿಧಿ ಮತ್ತು ಮುಯ್ಯಾಳಿನ ಏರ್ಪಾಡು, ಈ ಎರಡು ವಿಷಯಗಳನ್ನು ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇನೆ. ಎಕರೆಗೆ 50 ರೂಪಾಯಿ ಹೆಚ್ಚಾಯಿತೆನ್ನುವವರು, ಕಡಿಮೆಯಾಯಿತೆನ್ನುವವರು, ಈ ವಿಚಾರವೇ ಸಂಘದ ಕೆಲಸವಲ್ಲವೆನ್ನುವವರು, ಎಲ್ಲರೂ ತಮ್ಮ ಅಭಿಪ್ರಾಯವನ್ನು ಕಾರ್ಯಾಲಯಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ. ಮಹಾಸಭೆಯ ತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಪ್ರತಿಯೊಬ್ಬ ಸದಸ್ಯರೂ ತಮ್ಮ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಪ್ರತಿ ಆಳಿನ ಹೆಸರಿನ ಮುಂದೆ ಅವನ ಊರು, ಜಿಲ್ಲೆ, ಮನೆಯಲ್ಲಿರುವ ಒಬ್ಬರ ಹೆಸರು, ಅವರ ಫೋನ್ ಸಂಖ್ಯೆ, ಇಳಿಯಬೇಕಾದ ರೈಲ್ವೆ ನಿಲ್ದಾಣ, ಇಷ್ಟನ್ನು ಈ ವಾರವೇ ಬರೆದಿಡಲಿ. ಆಧಾರ್ ಕಾರ್ಡಿನ ನಕಲು ಸಾಕು, ಮೂಲವನ್ನು ಯಾರಾದರೂ ಇಟ್ಟುಕೊಂಡಿದ್ದರೆ ಅದನ್ನೂ ಈ ವಾರವೇ ಹಿಂದಕ್ಕೆ ಕೊಡಲಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ